ಹದಿನೈದು ನಿಮಿಷ ಮುಂದಿರುವ ಮನೆ

ಜುಲೈ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಚನ್ನಗಿರಿಯ ನಮ್ಮ ಮನೆಯ ನಡುಮನೆ. ಹಾಜರಿದ್ದವರು: ನಾನು, ನ್ಯಾಮತಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದ ಚಂದ್ರಪ್ಪ, ಒಂದು ವಾರವಿದ್ದು ಹೋಗಲು ಹೊನ್ನಾಳಿಯಿಂದ ಬಂದಿರುವ ನನ್ನ ತಂಗಿ ಸುಶೀಲ, ಮತ್ತು ತಟ್ಟೆಯೊಂದರಲ್ಲಿ ಸಾಲಾಗಿ ಕುಳಿತ ಇಪ್ಪತ್ತನಾಲ್ಕು ಈರುಳ್ಳಿ.

ದಿನದ ಕೆಲಸವನ್ನು ಹೀಗೆ ತಾರೀಖು, ವೇಳೆ, ಹಾಜರಾತಿಗಳಿಂದ ಆರಂಭಿಸುವುದು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯವನ್ನು ಮೂವತ್ತೆರಡು ವರ್ಷ ನೋಡಿಕೊಂಡದ್ದರಿಂದ ನನಗೆ ಅಂಟಿಕೊಂಡ ಅಭ್ಯಾಸ. ನಿವೃತ್ತಳಾದ ಮೇಲೆ ಹಾಲು ಕಾಯಿಸಿದ್ದನ್ನೂ ನಾನು ಪುಸ್ತಕದಲ್ಲಿ ಬರೆದಿಡುತ್ತೇನೆಂದು ಸುಶೀಲ ನೆಂಟರಿಷ್ಟರ ನಡುವೆ ಹಬ್ಬಿಸಿದ್ದಾಳೆ. ಇದು ಶುದ್ಧ ಸುಳ್ಳು. ಕಾಯಿಸಿದ್ದನ್ನು ಬರೆಯುವುದಿಲ್ಲ, ಉಕ್ಕಿದರೆ ಮಾತ್ರ ಬರೆಯುತ್ತೇನೆ.

ಒಂಬತ್ತು ಗಂಟೆ ಎಂದೆನಲ್ಲ, ಅದು ನಮ್ಮ ಮನೆಯ ಒಂಬತ್ತು. ಲೋಕದಲ್ಲಿ ಆಗ ಎಂಟೂಮುಕ್ಕಾಲು. ನಮ್ಮ ಗೋಡೆ ಗಡಿಯಾರ ಸದಾ ಹದಿನೈದು ನಿಮಿಷ ಮುಂದೆ ಇರುತ್ತದೆ; ಕೆಟ್ಟು ಹೋಗಿ ಅಲ್ಲ, ನಾನೇ ಇಟ್ಟದ್ದು. ಐದು ಹತ್ತು ನಿಮಿಷ ಮುಂದಿಡುವ ಮನೆಗಳನ್ನು ನೀವೂ ಕಂಡಿರಬಹುದು, ಆದರೆ ಆ ಮನೆಯವರೆಲ್ಲ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲಿ ಹತ್ತು ನಿಮಿಷ ಕಳೆದು ಮತ್ತೆ ಹಾಸಿಗೆಯಲ್ಲಿ ಹೊರಳುತ್ತಾರೆ. ನಾನು ಕಳೆಯುವವಳಲ್ಲ. ಗಡಿಯಾರ ಹೇಳಿದ್ದನ್ನು ನಂಬಿ ನಡೆಯುತ್ತೇನೆ. ನನ್ನ ಗುಂಡಿ ಫೋನೂ ಅದೇ ಸಮಯದಲ್ಲಿದೆ. ಸುಶೀಲ ಮಾತ್ರ ಬಂದ ದಿನದಿಂದ ಪ್ರತಿಯೊಂದಕ್ಕೂ, "ಅಕ್ಕ, ಇದು ನಿಮ್ಮನೆ ಟೈಮಾ, ಊರ ಟೈಮಾ?" ಎಂದು ಕೇಳಿಯೇ ಎದ್ದೇಳುತ್ತಾಳೆ.

ಇದಕ್ಕೊಂದು ಕಾರಣವಿದೆ. ಕೆಲಸಕ್ಕೆ ಸೇರುವ ಮೊದಲು ನಾನು ಜಗಳೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತ, ಒಂದು ಮನೆಯ ಪಡಸಾಲೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಸಂದರ್ಶನಕ್ಕೆಂದು ದಾವಣಗೆರೆಗೆ ಹೊರಟ ದಿನ ಬೆಳಗಿನ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಬಸ್ಸಿನ ಮುಂಭಾಗ ಯಾರನ್ನಾದರೂ ಕರೆಯುವಂತಿರುತ್ತದೆ. ಹಿಂಭಾಗಕ್ಕೆ ಮಾತ್ರ ಯಾರ ಪರಿಚಯವೂ ಇರುವುದಿಲ್ಲ. ಅದು ಎಬ್ಬಿಸಿದ ಕೆಂಧೂಳು ಇಳಿಯುವವರೆಗೂ ನಿಂತೇ ಇದ್ದೆ. ಆ ಕೆಲಸ ಸಿಗಲಿಲ್ಲ. ಮುಂದಿನ ವರ್ಷ ಇನ್ನೊಂದು ಸಿಕ್ಕಿತು. ಅಷ್ಟರಲ್ಲಿ ಗಡಿಯಾರದ ಮುಳ್ಳು ಹದಿನೈದು ನಿಮಿಷ ಮುಂದೆ ಹೋಗಿ ಕುಳಿತಿತ್ತು. ಆಮೇಲೆ ನನಗೆ ಒಂದು ಬಸ್ಸೂ ತಪ್ಪಿಲ್ಲ. ಎಷ್ಟು ಬಸ್ಸುಗಳಿಗಾಗಿ ಸುಮ್ಮನೆ ಕಾದೆ ಎಂಬುದನ್ನು ಮಾತ್ರ ಬರೆದಿಟ್ಟಿಲ್ಲ.

ಈಗ ಈರುಳ್ಳಿಯ ವಿಷಯ. ಜಗಳೂರಿನ ಆ ಮನೆಯ ಮಗಳು ರತ್ನವ್ವ. ಆಗ ಲಂಗ ತೊಟ್ಟು ನನ್ನ ಕೋಣೆಯ ಬಾಗಿಲಲ್ಲಿ ಕುಳಿತು ಮಗ್ಗಿ ಹೇಳುತ್ತಿದ್ದವಳು, ಈಗ ಐವತ್ತರ ಹೆಂಗಸು. ಓಣಿಯ ಮಹಿಳಾ ಸಂಘದ ಪರವಾಗಿ ನಾಟಿಕೋಳಿಯ ಮರಿ ಮಾಡಿಸುವ ಪೆಟ್ಟಿಗೆಯೊಂದನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಸಂಘದ ಹೆಂಗಸರು ತಮ್ಮ ತಮ್ಮ ಕೋಳಿಯ ಮೊಟ್ಟೆಗಳನ್ನು ತಂದು ಕೊಡುತ್ತಾರೆ. ರತ್ನವ್ವ ಪ್ರತಿ ಮೊಟ್ಟೆಯ ಮೇಲೂ ಅದರ ಒಡತಿಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು ಒಳಗಿಡುತ್ತಾಳೆ. ಪೆಟ್ಟಿಗೆಯ ಬಿಸಿ ಒಂದು ಕಡೆಯ ಕೆಲಸ, ಮೊಟ್ಟೆಗಳನ್ನು ಆಗಾಗ ಓರೆಯಾಗಿ ಹೊರಳಿಸುವುದು ಇನ್ನೊಂದು ಕಡೆಯ ಕೆಲಸ. ಹೊರಳಿಸದೆ ಬಿಟ್ಟರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಕೋಳಿ ಇದನ್ನು ಕೊಕ್ಕಿನಿಂದ ಮಾಡುತ್ತದೆ, ಪೆಟ್ಟಿಗೆ ಮೋಟರಿನಿಂದ. ಆ ಮೋಟರನ್ನು ಆಳುತ್ತಿದ್ದ ಸಣ್ಣ ಬೋರ್ಡು ಮೊಟ್ಟೆ ಇಟ್ಟ ಎಂಟನೆಯ ದಿನ ಸುಟ್ಟುಹೋಯಿತು. ಅಂದಿನಿಂದ ಮೂರು ದಿನ ಅವಳು ಎರಡೆರಡು ಗಂಟೆಗೊಮ್ಮೆ ಮುಚ್ಚಳ ತೆರೆದು ಕೈಯಿಂದಲೇ ಹೊರಳಿಸುತ್ತಿದ್ದಳು. ಬುಧವಾರ ಅವಳ ಗಂಡನಿಗೆ ದಾವಣಗೆರೆಯಲ್ಲಿ ಕಣ್ಣಿನ ಆಪರೇಷನ್. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೀಗಾಗಿ ಮಂಗಳವಾರ ಸಂಜೆಯೊಳಗೆ ಹೊಸ ಬೋರ್ಡು ಜಗಳೂರು ಮುಟ್ಟಲೇಬೇಕಿತ್ತು.

ಚಂದ್ರಪ್ಪನನ್ನು ಕರೆಸಿದ್ದು ಇದಕ್ಕೆ. ಬೋರ್ಡಿನ ಎಲೆಕ್ಟ್ರಾನಿಕ್ ಚಿಪ್‌ಗೆ ಬರೆಯುವ ಪ್ರೋಗ್ರಾಮಿನ ಬಹುಪಾಲು ನನ್ನದು. ಎಷ್ಟು ಹೊತ್ತಿಗೊಮ್ಮೆ ತಿರುಗಬೇಕು, ಯಾವ ದೀಪ ಹತ್ತಬೇಕು ಮುಂತಾದವು. ಮೋಟರಿಗೆ ವಿದ್ಯುತ್ತಿನ ಒಂದೊಂದೇ ಮಿಡಿತ ಕೊಟ್ಟು ತಟ್ಟೆಯನ್ನು ನಯವಾಗಿ ಓರೆ ಮಾಡುವ ನಾಜೂಕಿನ ಭಾಗ ಅವನದು. ಅದನ್ನು ಅವನು ಅಸೆಂಬ್ಲಿಯಲ್ಲಿ, ಎಂದರೆ ಯಂತ್ರಕ್ಕೆ ಅತಿ ಸಮೀಪದ ಭಾಷೆಯಲ್ಲಿ ಬರೆಯುತ್ತಾನೆ. ನಾನು ಕಲಿಸಿದ ಅಷ್ಟೊಂದು ಮಕ್ಕಳಲ್ಲಿ ಆ ಭಾಷೆಯನ್ನು ಈಗಲೂ ಕೈಯಲ್ಲಿ ಉಳಿಸಿಕೊಂಡವನು ಇವನೊಬ್ಬನೇ. ಅವನ ಬಳಿ ಲ್ಯಾಪ್‌ಟಾಪ್ ಇದೆ. ಚಿಪ್‌ಗೆ ಬರೆಯುವ ಉಪಕರಣ ಇರುವುದು ನನ್ನ ಮೇಜಿನ ಕಂಪ್ಯೂಟರಿಗೆ, ಮತ್ತು ಆ ಕಂಪ್ಯೂಟರಿನ ಕೀಲಿಮಣೆಯನ್ನು ನನ್ನ ಹೊರತು ಯಾರೂ ಮುಟ್ಟಬಾರದೆಂಬುದು ಈ ಮನೆಯ ನಿಯಮ. ಆದ್ದರಿಂದ ಅವನು ತನ್ನಲ್ಲಿ ಬರೆದು ಪೆನ್ ಡ್ರೈವಿನಲ್ಲಿ ಕೊಡುವುದು, ನಾನು ನಕಲು ಮಾಡಿಕೊಂಡು ಎರಡನ್ನೂ ಕೂಡಿಸಿ ಕಟ್ಟುವುದು.

ಈ ಕಟ್ಟುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಅದನ್ನು ಮಾಡುವ ಸಾಫ್ಟ್‌ವೇರ್ ಬಹಳ ಮಿತವ್ಯಯದ ಮೇಸ್ತ್ರಿ. ಪ್ರತಿಸಲವೂ ಎಲ್ಲ ಗೋಡೆಯನ್ನೂ ಕೆಡವಿ ಕಟ್ಟುವವನಲ್ಲ; ಯಾವ ಕಡತ ಬದಲಾಗಿದೆಯೋ ಅದನ್ನಷ್ಟೇ ಮತ್ತೆ ಕಂಪೈಲ್ ಮಾಡಿ, ಎಂದರೆ ಯಂತ್ರದ ಭಾಷೆಗೆ ಇಳಿಸಿ, ಉಳಿದದ್ದನ್ನು ಇದ್ದಂತೆಯೇ ಬಿಡುತ್ತಾನೆ. ಬೇಕಿಲ್ಲದ ಕೆಲಸವನ್ನು ಎರಡನೆಯ ಸಲ ಮಾಡದ ಈ ಗುಣಕ್ಕಾಗಿ ಅವನ ಮೇಲೆ ನನಗೆ ಮೊದಲಿಂದಲೂ ಗೌರವ. ನಮ್ಮಿಬ್ಬರ ಜಾತಕ ಕೂಡುತ್ತದೆಂದು ಭಾವಿಸಿದ್ದೆ.

ಮೊದಲ ಬಿಲ್ಡ್ ಆಗಿ, ಚಂದ್ರಪ್ಪ ತಂದಿದ್ದ ಮಾದರಿ ತಟ್ಟೆಯಲ್ಲಿ ಮೊಟ್ಟೆಗಳ ಬದಲು ಈರುಳ್ಳಿ ಇಟ್ಟು, ಮೋಟರ್ ಜೋಡಿಸಿ ಚಾಲೂ ಮಾಡಿದೆವು. ತಟ್ಟೆ ಬೇಕಾದುದಕ್ಕಿಂತ ಹೆಚ್ಚು ಓರೆಯಾಗಿ, ಕೊನೆಯಲ್ಲಿ ಜಾಡಿಸಿ, ಆರು ಈರುಳ್ಳಿಗಳನ್ನು ನೆಲಕ್ಕೆ ಉರುಳಿಸಿತು. ಅವನು ಮಿಡಿತಗಳ ಸಂಖ್ಯೆಯನ್ನು ಇಳಿಸಿ ಕೊಟ್ಟ. ನಕಲು ಮಾಡಿದೆ, ಬಿಲ್ಡ್ ಮಾಡಿದೆ, ಚಿಪ್‌ಗೆ ಬರೆದೆ. ಆರು ಈರುಳ್ಳಿ ಉರುಳಿದವು. ಇನ್ನೂ ಇಳಿಸಿದ. ಮತ್ತೆ ಆರು, ಅವೇ ಆರು. ಅವನು ವೈರುಗಳನ್ನು ಅಲ್ಲಾಡಿಸಿ ನೋಡಿದ, ನಾನು ಅವನನ್ನು ನೋಡಿದೆ.

"ಏನೋ ಚಂದ್ರಪ್ಪ, ಬದಲಾಯಿಸಿದೀಯೋ ಇಲ್ವೋ?"

"ಬದ್ಲಾಯ್ಸಿ ಬದ್ಲಾಯ್ಸಿ ಸಾಕಾಗೈತ್ರೀ ಮೇಡಂ. ನೋಡ್ರಿ ಇಲ್ಲಿ, ಅರ್ಧಕ್ಕರ್ಧ ಇಳಿಸೀನಿ."

ಸುಶೀಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಉಪ್ಪಿಟ್ಟಿಗೆ ಈರುಳ್ಳಿ ಬೇಕಾಗೈತೆ. ಬಿದ್ದ ಆರನ್ನಾರ ಕೊಡ್ರಿ, ಅವು ಹೆಂಗೂ ಫೇಲಾಗ್ಯಾವೆ."

ತಿಂಡಿ ತಿಂದು, ಕೈ ತೊಳೆದು ಬಂದು ಚಂದ್ರಪ್ಪ ಸಂಖ್ಯೆಯನ್ನು ಸಿಟ್ಟಿನಿಂದ ಪಾತಾಳಕ್ಕೆ ಇಳಿಸಿ ಕೊಟ್ಟ. ಈ ಸಲ ತಟ್ಟೆ ಸ್ವಲ್ಪವೇ ಓರೆಯಾಗಿ, ಮದುಮಗಳಂತೆ ನಿಂತುಬಿಟ್ಟಿತು. ಬದಲಾವಣೆ ಹಿಡಿದಿತ್ತು! ನಾವು ಹಿಗ್ಗಿ, ಸಂಖ್ಯೆಯನ್ನು ನಡುವಿಗೆ ತಂದು ಮತ್ತೆ ಕಟ್ಟಿದೆವು. ತಟ್ಟೆ ಹಿಂದಿನಷ್ಟೇ ಓರೆ. ಮತ್ತೆ ಏರಿಸಿದೆವು. ಅಷ್ಟೇ. ಅರ್ಧ ಗಂಟೆ ಸುಮ್ಮನೆ ಮೋಟರಿನ ತಿರುಪುಗಳನ್ನು ಪರೀಕ್ಷಿಸಿ, ಆಮೇಲೆ ಸಂಖ್ಯೆ ತಿದ್ದಿ ಕಟ್ಟಿದಾಗ ಮತ್ತೆ ಹಿಡಿಯಿತು. ಅದರ ಬೆನ್ನಿಗೇ ತಿದ್ದಿ ಕಟ್ಟಿದಾಗ ಹಿಡಿಯಲಿಲ್ಲ. ವಿಶ್ರಾಂತಿ ಕೊಟ್ಟರೆ ಕೆಲಸ ಮಾಡುತ್ತೇನೆ, ಅವಸರ ಮಾಡಿದರೆ ಇಲ್ಲವೆಂದು ಪ್ರೋಗ್ರಾಮು ಮುಷ್ಕರ ಹೂಡಿದಂತಿತ್ತು. "ಅದಕ್ಕೂ ತಿಂಡಿ ಹೊತ್ತು ಅಂತ ಇರಬೇಕು," ಎಂದು ಸುಶೀಲ ಒಳಗಿಂದಲೇ ತೀರ್ಪು ಕೊಟ್ಟಳು.

ನಾನು ಕೂರಲಾರದೆ ನಡುಮನೆಯ ಉದ್ದಗಲ ಅಳೆಯತೊಡಗಿದೆ. ಬಿಲ್ಡಿನ ವರದಿಯನ್ನು ಓದಿದರೆ ನಾನು ತಿದ್ದಿದ ನನ್ನ ಕಡತಗಳ ಹೆಸರುಗಳು ಒಂದರ ಕೆಳಗೊಂದು ಶಿಸ್ತಾಗಿ ಬರುತ್ತಿದ್ದವು; ಅಸೆಂಬ್ಲಿ ಕಡತದ ಹೆಸರು ಮಾತ್ರ ಕೆಲವು ಸಲ ಇರುತ್ತಿತ್ತು, ಹಲವು ಸಲ ಇರುತ್ತಿರಲಿಲ್ಲ. ತಪ್ಪು ಎಂದೂ ಹೇಳುತ್ತಿರಲಿಲ್ಲ. ಆ ಕೆಲಸ ಆಗಲೇ ಆಗಿದೆ ಎಂದು ತಣ್ಣಗೆ ಮುಂದೆ ಹೋಗುತ್ತಿತ್ತು. ತಪ್ಪು ಎಂದು ಹೇಳುವ ಯಂತ್ರದೊಡನೆ ಜಗಳವಾಡಬಹುದು. ಎಲ್ಲ ಸರಿಯಾಗಿದೆ ಎನ್ನುವ ಯಂತ್ರದೊಡನೆ ಏನು ಮಾಡುತ್ತೀರಿ?

"ಹಳೇದೆಲ್ಲಾ ಅಳಿಸಿ ಮೊದ್ಲಿಂದ ಕಟ್ರಿ ಮೇಡಂ," ಎಂದ ಚಂದ್ರಪ್ಪ.

ಅಳಿಸುವುದು ಸೋಮಾರಿಯ ದಾರಿ, ಕಾರಣ ಹುಡುಕುವುದು ಕೆಲಸಗಾರನ ದಾರಿ ಎಂದು ನಾನು ಪ್ರಯೋಗಾಲಯದಲ್ಲಿ ಎಷ್ಟೋ ತಂಡಗಳಿಗೆ ಉಪದೇಶಿಸಿದ್ದೆ. ಅದನ್ನೇ ಅವನಿಗೂ ಹೇಳಿದೆ. ನನ್ನ ಕಡತಗಳು ಒಂದೇ ಏಟಿಗೆ ಕಂಪೈಲ್ ಆಗುತ್ತಿರುವಾಗ ದೋಷ ನಿನ್ನ ಅಸೆಂಬ್ಲಿಯಲ್ಲೇ ಇರಬೇಕೆಂಬುದನ್ನೂ ಸೇರಿಸಿದೆ. ಅವನು ಮುಖ ಸಣ್ಣದು ಮಾಡಿಕೊಂಡು ಲ್ಯಾಪ್‌ಟಾಪಿಗೆ ಬಾಗಿದ. ಆ ಬಾಗುವಿಕೆಯನ್ನು ನಾನು ಎಲ್ಲೋ ಕಂಡಿದ್ದೆ ಅನ್ನಿಸಿತು. ಎಲ್ಲಿ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ, ಏಕೆಂದರೆ ಫೋನು ಬಡಿದುಕೊಂಡಿತು.

"ಅಕ್ಕಾ, ಆತೇನು?" ರತ್ನವ್ವ. ಧ್ವನಿ ನಿದ್ದೆಗೆಟ್ಟು ಒಡೆದಿತ್ತು. "ಈಗ ಹೊಳ್ಳಿಸಿ ಬಂದೆ. ನಿದ್ದೆಗಣ್ಣಾಗೆ ಒಂದು ತತ್ತಿ ಜಾರಾಕೆ ಬಂದಿತ್ತು, ಹಿಡ್ಕಂಡೆ. ಮಲ್ಲಮ್ಮನ್ದು. ಆಕೆ ಇದ್ದ ಏಳೇ ತತ್ತಿನೂ ತಂದು ಕೊಟ್ಟಾಳಕ್ಕ, ಮನೆಗೆ ಒಂದೂ ಇಟ್ಕಂಡಿಲ್ಲ. ಆಗ್ದಿದ್ರೆ ಆಗಲ್ಲ ಅಂದ್ಬಿಡು. ನಾಳೆ ಇವ್ರನ್ನ ಆಸ್ಪತ್ರೆಗೆ ಕರ್ಕಂಡು ಹೋಗಾದು ಬಿಡ್ತೀನಿ."

ಆಗುತ್ತದೆ ಎಂದೆ. ಆಗುವುದೆಂಬ ಖಾತರಿಯಿಂದ ಅಲ್ಲ, ಆಗುವುದಿಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲವೆಂದು. ಆ ಕಣ್ಣಿನ ಆಪರೇಷನ್ನಿಗೆ ದಿನ ಸಿಗಲು ಅವರು ಎಷ್ಟು ಕಾದಿದ್ದರೆಂಬುದು ನನಗೆ ಗೊತ್ತಿತ್ತು.

ಫೋನಿಟ್ಟು, ಇದ್ದಬದ್ದ ಅಸಹನೆಯನ್ನೆಲ್ಲ ಒಟ್ಟುಗೂಡಿಸಿ, ಇಡೀ ಕೆಲಸದ ಕಡತಗಳನ್ನು ಪೆನ್ ಡ್ರೈವಿಗೆ ತುಂಬಿ ಚಂದ್ರಪ್ಪನ ಕೈಗೆ ಹಾಕಿದೆ. ನಿನ್ನ ಯಂತ್ರದಲ್ಲೇ ಕಟ್ಟಿ ನೋಡು, ಯಾರ ತಪ್ಪೆಂದು ಅಲ್ಲೇ ತಿಳಿಯಲಿ ಎಂಬ ಧಾಟಿ. ಅವನು ಕಟ್ಟಿದ. ಪರದೆಯನ್ನು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ಅವನ ಭುಜ ಕುಲುಕತೊಡಗಿತು.

"ಮೇಡಂ, ನಿಮ್ಮ ಫೈಲು ಇನ್ನಾ ಹುಟ್ಟೇ ಇಲ್ವಂತೆ."

"ಏನಂದೆ?"

"ಎಚ್ಚರಿಕೆ ಕೊಡಾಕೆ ಹತ್ತೈತೆ. ಈ ಫೈಲಿನ ಸಮಯ ಇನ್ನಾ ಏಳುನೂರು ಚಿಲ್ಲರೆ ಸೆಕೆಂಡು ಮುಂದೈತೆ, ನಾಳೆಯಿಂದ ಬಂದಂಗೈತೆ ಅಂತ." ಅವನು ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಗಡಿಯಾರ ನೋಡಿದ: ಹನ್ನೊಂದೂ ಐದು. ತಲೆ ಎತ್ತಿ ಗೋಡೆ ನೋಡಿದ: ಹನ್ನೊಂದೂ ಇಪ್ಪತ್ತು. ಆಮೇಲೆ ನನ್ನನ್ನು ನೋಡಿದ. ಒಳಗೆ ಸುಶೀಲಳ ಸೌಟು ನಿಂತಿತು.

ಹೌದು. ಮನೆಯ ಎಲ್ಲ ಗಡಿಯಾರಗಳೂ ಒಂದೇ ಮಾತು ಆಡಬೇಕೆಂದು ನಾನು ಕಂಪ್ಯೂಟರಿನ ಸಮಯವನ್ನೂ ಹದಿನೈದು ನಿಮಿಷ ಮುಂದಿಟ್ಟು, ಅದು ತಾನಾಗಿ ಸರಿಪಡಿಸಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿದ್ದೆ. ನನ್ನ ಮಿತವ್ಯಯದ ಮೇಸ್ತ್ರಿ ಕಡತದ ಒಳಗೆ ಏನು ಬರೆದಿದೆಯೆಂದು ಎಂದೂ ನೋಡುವುದಿಲ್ಲ. ಬರೆದ ಸಮಯವನ್ನಷ್ಟೇ ನೋಡುತ್ತಾನೆ. ಕಟ್ಟಿದ ಗೋಡೆಗಿಂತ ಬರಹ ಹೊಸದಾದರೆ ಮತ್ತೆ ಕಟ್ಟುತ್ತಾನೆ, ಹಳೆಯದಾದರೆ ಬಿಡುತ್ತಾನೆ. ನಕಲು ಮಾಡಿದ ಕಡತ ತಾನು ಹುಟ್ಟಿದ ಗಳಿಗೆಯನ್ನು ಜೊತೆಗೇ ಹೊತ್ತು ಬರುತ್ತದೆ. ನನ್ನ ಗೋಡೆಗಳ ಮೇಲೆ ನಮ್ಮ ಮನೆಯ ಸಮಯ, ಚಂದ್ರಪ್ಪನ ಬರಹದ ಮೇಲೆ ಲೋಕದ ಸಮಯ. ಐದು ನಿಮಿಷದ ಹಿಂದೆ ಅವನು ತಿದ್ದಿದ್ದು, ನನ್ನ ಯಂತ್ರದ ಕಣ್ಣಿಗೆ ಇಪ್ಪತ್ತು ನಿಮಿಷದ ಹಿಂದಿನ ಹಳಸಲು. ಕಟ್ಟಿದ ಮೇಲೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಾವು ಸುಮ್ಮನಿದ್ದು, ಆಮೇಲೆ ಅವನು ತಿದ್ದಿದಾಗ ಮಾತ್ರ ಅವನ ಬರಹ ಹೊಸದೆನಿಸುತ್ತಿತ್ತು. ನನ್ನ ಕಡತಗಳು ನನ್ನಲ್ಲೇ ಹುಟ್ಟಿದವಾದ್ದರಿಂದ ಅವಕ್ಕೆ ಈ ತೊಂದರೆ ಇರಲಿಲ್ಲ. ಮನೆಮಕ್ಕಳಿಗೆ ಬಾಗಿಲು ಸದಾ ತೆರೆದಿತ್ತು.

ಇಷ್ಟು ತಿಳಿದ ಮೇಲೆ ನಗಬೇಕಿತ್ತು. ಚಂದ್ರಪ್ಪ ನಕ್ಕ, ಸುಶೀಲ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು, ನಗುವಿನ ಬಾಲ ಇನ್ನೂ ಮುಖದಲ್ಲಿರುವಾಗಲೇ, "ಮೇಡಂ, ಲ್ಯಾಬಿನ ಗಡಿಯಾರನೂ ಹಿಂಗೇ ಇಟ್ಟಿದ್ರಾ?" ಎಂದು ಕೇಳಿದ.

ಇಟ್ಟಿದ್ದೆ.

ಆಗ ಅವನು ನ್ಯಾಮತಿಯಿಂದ ಮೊದಲ ಬಸ್ಸು ಹಿಡಿದು, ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡಿ ಬರುತ್ತಿದ್ದ ಹುಡುಗ. ಒಂಬತ್ತೂವರೆಗೆ ಪ್ರಯೋಗಾಲಯ. ಅವನು ಒಂಬತ್ತೂ ಇಪ್ಪತ್ತೈದಕ್ಕೆ ಬಾಗಿಲಲ್ಲಿ ನಿಂತಿರುತ್ತಿದ್ದ. ನನ್ನ ಗೋಡೆಯ ಮೇಲೆ ಆಗ ಒಂಬತ್ತೂ ನಲವತ್ತು. ತಡವಾಗಿ ಬಂದವರ ರೆಕಾರ್ಡ್ ಪುಸ್ತಕವನ್ನು ಅಂದು ತೆರೆಯುವುದಿಲ್ಲವೆಂಬುದು ನನ್ನ ನಿಯಮ. ಬಾಗಿಲ ಬಳಿಯ ಮೇಜಿನ ಮೇಲೆ ಬೇರೆಯಾಗಿ ಇಡಿಸುತ್ತಿದ್ದೆ. ಅದರೊಳಗೆ ಏನು ಬರೆದಿದ್ದನೋ ನೋಡುತ್ತಿರಲಿಲ್ಲ; ಬಂದ ಸಮಯ ನೋಡುತ್ತಿದ್ದೆ. ಅವನು ಆ ಮೇಜಿಗೆ ಬಾಗಿ ಪುಸ್ತಕ ಇಟ್ಟು ಹೋಗುತ್ತಿದ್ದ. ಬೆಳಿಗ್ಗೆ ನಾನು ಕಂಡದ್ದು ಆ ಬಾಗುವಿಕೆಯನ್ನು. ಆಂತರಿಕ ಅಂಕ ಕಡಿಮೆ ಬಿದ್ದು ಅವನು ಆರು ತಿಂಗಳು ಹಿಂದುಳಿದ. ಬೇರೆ ಹುಡುಗರು ಹತ್ತಿರದ ರೂಮುಗಳಲ್ಲಿದ್ದು, ನನ್ನ ಗಡಿಯಾರವನ್ನು ಅರಿತು ಬೇಗ ಬರುತ್ತಿದ್ದರು. ಬಸ್ಸಿನಲ್ಲಿ ಬರುವವನಿಗೆ ಆ ವಿದ್ಯೆ ಇರಲಿಲ್ಲ.

"ನೀನು ಒಂದು ಸಲವಾದರೂ ಹೇಳಬಾರದಿತ್ತೇನೋ?" ಎಂದೆ.

"ನಿಮ್ಮ ಗಡಿಯಾರ ತಪ್ಪು ಅನ್ನಾಕೆ ನಮ್ಗೆ ಧೈರ್ಯ ಎಲ್ಲಿತ್ರೀ? ನನ್ನ ಕೈಗಡಿಯಾರನೇ ಹಿಂದೈತೆ ಅಂತ ತಿಳ್ಕಂಡು, ಎರಡು ಸಲ ರಿಪೇರಿಗೆ ಕೊಟ್ಟಿದ್ದೆ." ಅವನು ಮತ್ತೆ ನಕ್ಕ. "ಬಿಡ್ರಿ ಮೇಡಂ, ಆ ಆರು ತಿಂಗ್ಳಾಗೇ ಮೋಟರಿಗೆ ತಂತಿ ಸುತ್ತಾದು ಕಲ್ತಿದ್ದು ನಾನು. ಈಗ ಅದೇ ಅನ್ನ ಹಾಕಾಕೆ ಹತ್ತೈತೆ."

ಇದು ಕ್ಷಮೆಯೋ, ಸಮಾಧಾನವೋ, ನಿಜವಾದ ವರದಿಯೋ ನನಗೆ ಗೊತ್ತಾಗಲಿಲ್ಲ. ಹೇಳಬೇಕಾದ ಮಾತೊಂದಿತ್ತು, ಆದರೆ ಜಗಳೂರಿನಲ್ಲಿ ಮಲ್ಲಮ್ಮನ ಏಳು ಮೊಟ್ಟೆಗಳು ಕಾದಿದ್ದವು. ಎದ್ದು, ಕುರ್ಚಿಯನ್ನು ಅವನ ಕಡೆ ಸರಿಸಿದೆ. "ನೀನೇ ಕೂತು ಕಟ್ಟು," ಎಂದೆ. ಸುಶೀಲ ಅಡುಗೆಮನೆಯಿಂದ ಪೂರ್ತಿ ಹೊರಗೆ ಬಂದು ನೋಡಿದಳು. ಆ ಕೀಲಿಮಣೆಯ ಮೇಲೆ ಬೇರೆಯವರ ಬೆರಳು ಅವಳು ಕಂಡಿರಲಿಲ್ಲ. ಅವನು ಕಂಪ್ಯೂಟರಿನ ಸಮಯವನ್ನು ಸರಿಪಡಿಸಿ, ಹಿಂದೆ ಕಟ್ಟಿದ್ದೆಲ್ಲವನ್ನೂ ಅಳಿಸಲೇ ಎಂಬಂತೆ ನನ್ನ ಮುಖ ನೋಡಿದ. ಬೆಳಿಗ್ಗೆಯೇ ಅವನು ಹೇಳಿದ್ದ ಸೋಮಾರಿಯ ದಾರಿ. ಅಳಿಸು ಎಂದೆ. ಮೊದಲಿನಿಂದ ಕಟ್ಟಿದಾಗ ಅಸೆಂಬ್ಲಿ ಕಡತದ ಹೆಸರು ವರದಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂತು. ಮೂರನೆಯ ತಿದ್ದುಪಡಿಗೆ ತಟ್ಟೆ ಮೆಲ್ಲಗೆ ಓರೆಯಾಗಿ, ಮೆಲ್ಲಗೆ ನಿಂತಿತು. ಉಪ್ಪಿಟ್ಟಿಗೆ ಹೋಗದೆ ಉಳಿದಿದ್ದ ಹದಿನೆಂಟು ಈರುಳ್ಳಿಗಳಲ್ಲಿ ಒಂದೂ ಅಲುಗಲಿಲ್ಲ.

ಊಟ ಮುಗಿಸಿ ಒಂದು ಗಂಟೆಗೆ ಚಂದ್ರಪ್ಪ ಬೋರ್ಡನ್ನು ಟವೆಲಿನಲ್ಲಿ ಸುತ್ತಿ ಬೈಕಿನಲ್ಲಿ ಹೊರಟ. ನಾಲ್ಕೂವರೆಗೆ ರತ್ನವ್ವನ ಮನೆ ಮುಟ್ಟಿದ ಸುದ್ದಿ ಬಂತು. ಆಮೇಲೆ, ಜೋಡಿಸಿ ಐದಕ್ಕೆ ಚಾಲೂ ಮಾಡಿದೆನೆಂದು ಚಂದ್ರಪ್ಪನ ಸುದ್ದಿ ಬಂತು. ಗಂಟೆಗೊಮ್ಮೆ ತಾನಾಗಿ ತಿರುಗುವಂತೆ ಬರೆದಿದ್ದೆವು. ಮೊದಲ ತಿರುವು ಆರಕ್ಕೆ. ಅದಾದರೆ ಫೋನು ಮಾಡುತ್ತೇನೆಂದ.

ಆ ಒಂದು ಗಂಟೆ ನಾನು ಮಾಡದ ಕೆಲಸವಿಲ್ಲ. ಉಳಿದ ಈರುಳ್ಳಿಗಳನ್ನು ಗಾತ್ರಕ್ಕೆ ತಕ್ಕಂತೆ ಜೋಡಿಸಿದೆ, ಮತ್ತೆ ಕೆಡಿಸಿದೆ. ಗೋಡೆಯಲ್ಲಿ ಆರು ಬಡಿಯಿತು. ಫೋನಿಲ್ಲ. ಆರೂ ಐದು. ಮೋಟರ್ ಸಿಕ್ಕಿಹಾಕಿಕೊಂಡಿತೇ? ಆರೂ ಎಂಟು. ನನ್ನ ಭಾಗದ ಲೆಕ್ಕವೇ ತಪ್ಪಿತೇ? ರತ್ನವ್ವ ಆಸ್ಪತ್ರೆಗೆ ಹೋಗುವುದಿಲ್ಲವೆಂದು ಗಂಡನಿಗೆ ಹೇಳುತ್ತಿರಬಹುದು. ಆರೂ ಹತ್ತಕ್ಕೆ ನಾನು ಚಂದ್ರಪ್ಪನ ನಂಬರು ಒತ್ತಲು ಫೋನೆತ್ತಿದೆ.

"ಅಕ್ಕ," ಎಂದಳು ಸುಶೀಲ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ, "ಜಗಳೂರಾಗೆ ಇನ್ನಾ ಆರಾಗಿಲ್ಲ."

ಕಂಪ್ಯೂಟರನ್ನು ತಿದ್ದಿಯಾಗಿತ್ತು, ಗೋಡೆಯನ್ನು ತಿದ್ದಿರಲಿಲ್ಲ, ಕೈಯಲ್ಲಿದ್ದ ಫೋನನ್ನು ತಿದ್ದಿರಲಿಲ್ಲ, ನನ್ನನ್ನೂ ತಿದ್ದಿಕೊಂಡಿರಲಿಲ್ಲ. ಇಷ್ಟು ವರ್ಷ ನಾನು ಉಳಿಸಿದೆನೆಂದುಕೊಂಡ ಹದಿನೈದು ನಿಮಿಷಗಳು ಹೀಗೆ, ಇನ್ನೂ ಆಗದ ಕೆಲಸವನ್ನು ಆಗಲಿಲ್ಲವೆಂದು ದೂರುವುದರಲ್ಲೇ ಖರ್ಚಾಗಿರಬೇಕು. ಕುಳಿತೆ. ಆರೂ ಹದಿನೈದಕ್ಕೆ ಸರಿಯಾಗಿ, ಎಂದರೆ ಆರಕ್ಕೆ ಸರಿಯಾಗಿ, ರತ್ನವ್ವನ ಫೋನು ಬಂತು.

"ತಿರುಗ್ತು ಅಕ್ಕಾ! ಎಲ್ಲಾ ಒಟ್ಟಿಗೇ, ಮೆತ್ತಗೆ, ಕೋಳಿ ಹೊಳ್ಳಿಸಿದಂಗೇ ಹೊಳ್ಳಿದ್ವು." ಹಿಂದಿನಿಂದ ಚಂದ್ರಪ್ಪ ಏನೋ ಹೇಳಿದ, ಅವಳು ನಗುತ್ತ ನನಗೆ ದಾಟಿಸಿದಳು. "ಇವ್ನು ಕೇಳಾಕೆ ಹತ್ಯಾನೆ, ಇವತ್ತು ತಾನು ಟೈಮಿಗೆ ಸರಿಯಾಗಿ ಬಂದೀನಾ ಅಂತ."

ಬಂದಿದ್ದಾನೆ ಎಂದೆ. ಆಗಲೂ ಸರಿಯಾಗಿಯೇ ಬರುತ್ತಿದ್ದ, ನಾನು ಹೇಳಿದೆನೆಂದು ಹೇಳು ಎಂದೆ. ರತ್ನವ್ವನಿಗೆ ಅರ್ಥವಾಗಲಿಲ್ಲ, ಆದರೂ ಮಾತು ಅಕ್ಷರ ಬಿಡದೆ ದಾಟಿಸಿದ್ದು ಕೇಳಿಸಿತು.

ಫೋನಿಟ್ಟ ಮೇಲೆ ಮಣೆಯ ಮೇಲೆ ಹತ್ತಿ, ಗೋಡೆ ಗಡಿಯಾರವನ್ನು ಇಳಿಸಿ, ಮುಳ್ಳನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿ ಮತ್ತೆ ನೇತುಹಾಕಿದೆ. ಸುಶೀಲ ಮಣೆ ಹಿಡಿದುಕೊಂಡಿದ್ದಳು. ದಿನದ ಪುಸ್ತಕದಲ್ಲಿ ಬರೆದೆ: ಮಂಗಳವಾರ, ಸಂಜೆ ಆರೂ ಹತ್ತು, ಊರ ಟೈಮು. ಹಾಜರಿದ್ದವರು, ನಾನು ಮತ್ತು ಸುಶೀಲ. ಚಂದ್ರಪ್ಪ ಜಗಳೂರಿನಲ್ಲಿ, ವೇಳೆಗೆ ಸರಿಯಾಗಿ ಹಾಜರು.